ಕಂಡೆನ್ಸರ್‌ಗೆ ಯಾವ ನೀರು? ಟವರ್, ಪ್ಲಸ್ ಫೈವ್, ಬ್ರೈನ್: ಆರಿಸುವ ಮುಂಚೆ ನೋಡಬೇಕಾದ್ದು

ಚಳಿಗಾಲದಲ್ಲಿ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡುತ್ತಾರೆ. ರಾತ್ರಿಯೆಲ್ಲ ತಣ್ಣಗಾಗಿ ಎಣ್ಣೆ ಗಟ್ಟಿಯಾಗಿರುತ್ತದೆ. ಬಾಟಲಿ ಬಾಯಿ ಚಿಕ್ಕದು, ಎಷ್ಟು ಬಗ್ಗಿಸಿದರೂ ಒಂದು ಹನಿ ಬೀಳುವುದಿಲ್ಲ. ಹೆಪ್ಪುಗಟ್ಟುವುದಕ್ಕೆ ಫ್ರಿಜ್ ಬೇಕಿಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಬಂದರೆ ಸಾಕು. ಡಿಸ್ಟಿಲೇಷನ್ ಕಾಲಮ್‌ನ ಕಂಡೆನ್ಸರ್‌ಗೆ, ಅಂದರೆ ಆವಿಯನ್ನು ತಣ್ಣಗೆ ಮಾಡಿ ದ್ರವ ಮಾಡುವ ಭಾಗಕ್ಕೆ, ಯಾವ ನೀರು ಕೊಡಬೇಕು ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಬಾಟಲಿ.

ಬಳಸಿದ ಸಾಲ್ವೆಂಟನ್ನು ಮತ್ತೆ ಶುದ್ಧ ಮಾಡಿ ತೆಗೆಯುವ ಸಾಲ್ವೆಂಟ್ ರಿಕವರಿ ಸೆಕ್ಷನ್‌ನಲ್ಲಿ ಕೆಲಸ ಮಾಡುವವರಲ್ಲಿ ಒಂದು ನಂಬಿಕೆ ಇದೆ. ವೆಂಟ್‌ನಲ್ಲಿ (ದ್ರವವಾಗದೆ ಉಳಿದದ್ದು ಹೊರಗೆ ಹೋಗುವ ಬಾಯಿ) ವಾಸನೆ ಬರ್ತಿದೆಯಾ? ಇನ್ನೂ ತಣ್ಣಗಿರೋ ಲೈನ್ ಕೊಡು. ತಣ್ಣಗಿದ್ದಷ್ಟೂ ಸೇಫ್. ಇದು ಅರ್ಧ ನಿಜ. ಉಳಿದ ಅರ್ಧವನ್ನು ನಾನು ಒಂದು ರಾತ್ರಿ ಪಾಳಿಯಲ್ಲಿ ಕಲಿತೆ.

ನಾನು ಆಗ ಇದ್ದ ಪ್ಲಾಂಟಿನಲ್ಲಿ ಬ್ಯಾಚ್ ಕಾಲಮ್ ಒಂದರಲ್ಲಿ ಅಸೆಟಿಕ್ ಆಸಿಡ್ ತೆಗೆಯುತ್ತಿದ್ದೆವು. ಮೊದಲು ನೀರು ಬರುತ್ತದೆ, ಕೊನೆಗೆ ಶುದ್ಧ ಆಸಿಡ್. ಕಂಡೆನ್ಸರ್‌ಗೆ ಯಾವಾಗಲೂ ಕೂಲಿಂಗ್ ಟವರ್ ನೀರು. ಆ ರಾತ್ರಿ ಟವರ್ ಪಂಪಿನ ಸೀಲ್ ಹೋಯಿತು. ಬ್ಯಾಚ್ ನಿಲ್ಲಿಸುವುದು ಬೇಡ ಅಂತ ಪ್ಲಸ್ ಫೈವ್ ಲೈನ್, ಅಂದರೆ ಚಿಲ್ಲರ್‌ನಿಂದ ಬರುವ ಸುಮಾರು 5 ಡಿಗ್ರಿ ನೀರಿನ ಲೈನ್, ತೆಗೆದೆವು. ಟವರ್‌ಗಿಂತ ತಣ್ಣನೆಯ ನೀರು ತಾನೇ, ಒಳ್ಳೆಯದೇ ಆಯ್ತಲ್ವಾ ಅಂದುಕೊಂಡೆವು. ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ರಿಸೀವರ್ ಸೈಟ್ ಗ್ಲಾಸಿನಲ್ಲಿ ಬೀಳುತ್ತಿದ್ದ ಧಾರೆ ಸಣ್ಣಗಾಯಿತು, ಹನಿಯಾಯಿತು. ಬ್ಯಾಚ್ ಮುಗೀತು ಅಂತ ಹುಡುಗ ಅಂದ. ನಾನು ಸುಮ್ನೆ ಹೋಗಿ ಕಂಡೆನ್ಸರ್‌ನ ರಿಟರ್ನ್ ಪೈಪಿಗೆ ಕೈ ಇಟ್ಟೆ. ಬೆಚ್ಚಗಿರಬೇಕಿತ್ತು. ಒಳಗೆ ಹೋಗುವ ಪೈಪಿನಷ್ಟೇ ತಣ್ಣಗಿತ್ತು, ಮೇಲೆ ಬೆವರು ಕಟ್ಟಿತ್ತು. ಕೆಳಗೆ ಸ್ಟೀಮ್ ಹಾಗೇ ಓಡುತ್ತಿತ್ತು. ಕೆಟಲ್‌ನ, ಅಂದರೆ ಕುದಿಸುವ ಪಾತ್ರೆಯ, ಪ್ರೆಷರ್ ಮುಳ್ಳು ಸೊನ್ನೆ ಬಿಟ್ಟು ಮೇಲೆ ಹತ್ತುತ್ತಿತ್ತು.

ಶುದ್ಧ ಅಸೆಟಿಕ್ ಆಸಿಡ್ 16.6 ಡಿಗ್ರಿಗೆ ಗಟ್ಟಿಯಾಗುತ್ತದೆ. ‘ಗ್ಲೇಷಿಯಲ್’ ಅನ್ನುವ ಹೆಸರು ಬಂದಿರುವುದೇ ಆ ಮಂಜುಗಡ್ಡೆಯಂಥ ರೂಪದಿಂದ. ಡ್ರಮ್ ಮೇಲೆ ಆ ಹೆಸರನ್ನು ದಿನಾ ಓದುತ್ತಿದ್ದೆವು! ನಮ್ಮದು ನೆಟ್ಟಗೆ ನಿಲ್ಲಿಸಿದ ಕಂಡೆನ್ಸರ್. ಆವಿ ಮೇಲಿಂದ ಬರುತ್ತದೆ, ತಣ್ಣೀರು ಕೆಳಗಿಂದ ಹೋಗುತ್ತದೆ. ಅಂದರೆ ಅತ್ಯಂತ ತಣ್ಣಗಿರುವ ಜಾಗವೂ ದ್ರವ ಹೊರಗೆ ಬರುವ ಬಾಯಿಯೂ ಒಂದೇ. ಬ್ಯಾಚ್ ಕೊನೆಯಲ್ಲಿ ಆವಿ ಕಡಿಮೆ, ಬಿಸಿ ಕಡಿಮೆ. ಕೆಳಗಿನ ಬಾಯಿಯಿಂದ ಗಟ್ಟಿಯಾಗುತ್ತಾ ಬಂದು ಟ್ಯೂಬುಗಳು ಮುಚ್ಚಿದ್ದವು. ವೆಂಟ್ ಇರುವುದು ಕಂಡೆನ್ಸರ್ ಆಚೆ ಕಡೆ. ಟ್ಯೂಬು ಮುಚ್ಚಿದರೆ ಕಾಲಮ್‌ಗೆ ವೆಂಟ್ ಇದ್ದೂ ಇಲ್ಲ. ಸ್ಟೀಮ್ ಮುಚ್ಚಿದೆವು, ಪ್ಲಸ್ ಫೈವ್ ನಿಲ್ಲಿಸಿದೆವು, ಸಾಮಾನ್ಯ ನೀರು ಬಿಟ್ಟು ನಿಧಾನಕ್ಕೆ ಕರಗಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ತಣ್ಣನೆಯ ರಿಟರ್ನ್ ಪೈಪು ಇವತ್ತಿಗೂ ಕೈಯಲ್ಲಿ ಹಾಗೇ ಇದೆ.

ಎರಡು ಗೆರೆಗಳ ಮಧ್ಯೆ

ಕಂಡೆನ್ಸರ್ ನೀರಿನ ಉಷ್ಣತೆಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ. ಮೇಲಿನ ಗೆರೆ ಹಾಕುವುದು ಆವಿ. ನೀರು ಅದಕ್ಕಿಂತ ಬಿಸಿಯಾದರೆ ಆವಿ ದ್ರವವಾಗದೆ ವೆಂಟ್‌ನಿಂದ ಹೊರಗೆ ಹೋಗುತ್ತದೆ. ಕೆಳಗಿನ ಗೆರೆ ಹಾಕುವುದು ಹೆಪ್ಪುಗಟ್ಟುವಿಕೆ. ಮೇಲಿನ ಗೆರೆ ದಾಟಿದರೆ ಮೂಗಿಗೆ ಗೊತ್ತಾಗುತ್ತದೆ. ಕೆಳಗಿನದು ದಾಟಿದರೆ ವಾಸನೆಯೂ ಇಲ್ಲ, ಸದ್ದೂ ಇಲ್ಲ. ನನಗೆ ಅದರ ಭಯವೇ ಜಾಸ್ತಿ.

ಮೇಲಿನ ಗೆರೆ ನೋಡುವಾಗ ಪುಸ್ತಕದ ಕುದಿಬಿಂದು ನೋಡಿದರೆ ಸಾಲದು, ನಿಮ್ಮ ಊರಿನದು ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 760ರ ಬದಲು ಸುಮಾರು 683 ಮಿಲಿಮೀಟರ್ ಪಾದರಸ. ಅಸಿಟೋನ್ ಪುಸ್ತಕದಲ್ಲಿ 56 ಡಿಗ್ರಿಗೆ ಕುದಿಯುತ್ತದೆ, ಪೀಣ್ಯದಲ್ಲಿ ಸುಮಾರು 53ಕ್ಕೆ. ಡೈಕ್ಲೋರೊಮೀಥೇನ್, ಅಂದರೆ ಪ್ಲಾಂಟಿನಲ್ಲಿ ಎಲ್ಲರೂ ಎಂಡಿಸಿ ಅನ್ನುವುದು, 40ರ ಬದಲು 37ಕ್ಕೆ. ಮೂರು ಡಿಗ್ರಿ ಏನು ಮಹಾ ಅನ್ನಿಸಬಹುದು. ಟವರ್ ನೀರು 28ರಲ್ಲಿ ಒಳಗೆ ಹೋಗಿ 33ರಲ್ಲಿ ಹೊರಗೆ ಬರುವಾಗ, ಎಂಡಿಸಿಗೆ ಉಳಿಯುವ ಅಂತರವೇ ನಾಲ್ಕು ಡಿಗ್ರಿ.

ವ್ಯಾಕ್ಯೂಮ್ ಹಾಕಿದರೆ ಲೆಕ್ಕ ಇನ್ನೂ ಬದಲಾಗುತ್ತದೆ. 100 ಮಿಲಿಮೀಟರ್ ಒತ್ತಡದಲ್ಲಿ ಟೊಲುಯೀನ್ ಸುಮಾರು 52 ಡಿಗ್ರಿಗೆ ಕುದಿಯುತ್ತದೆ, ಎಥನಾಲ್ 35ಕ್ಕೆ, ಅಸಿಟೋನ್ 7ಕ್ಕೆ. ಅದೇ ಕಾಲಮ್, ಅದೇ ವ್ಯಾಕ್ಯೂಮ್. ಟೊಲುಯೀನ್‌ಗೆ ಟವರ್ ನೀರೇ ಸಾಕು, ಅಸಿಟೋನ್‌ಗೆ ಪ್ಲಸ್ ಫೈವ್ ಕೂಡ ಸಾಲದು. ಅಸಿಟೋನ್ ಆವಿ ಸೀದಾ ವ್ಯಾಕ್ಯೂಮ್ ಪಂಪಿಗೆ ಹೋಗುತ್ತದೆ.

ಕೆಳಗಿನ ಗೆರೆಗೆ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿ ಅಂತ ನಾನು ಹೇಳುತ್ತಿರುತ್ತೇನೆ. ಮೆಥನಾಲ್, ಎಥನಾಲ್, ಅಸಿಟೋನ್, ಈಥೈಲ್ ಅಸಿಟೇಟ್, ಟೊಲುಯೀನ್, ಎಂಡಿಸಿ: ಇವು ಮೈನಸ್ 80ರ ಕೆಳಗೂ ಹರಿಯುತ್ತವೆ, ಚಿಂತೆ ಇಲ್ಲ. ತೊಂದರೆ ಕೊಡುವವು ಇವು:

ಬೆಂಜೀನ್, 5.5 ಡಿಗ್ರಿ
ಸೈಕ್ಲೋಹೆಕ್ಸೇನ್, 6.5
ಡೈಆಕ್ಸೇನ್, 11.8
ಪ್ಯಾರಾ ಝೈಲೀನ್, 13.3
ಅಸೆಟಿಕ್ ಆಸಿಡ್, 16.6
ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್), 18.5
ಟರ್ಷಿಯರಿ ಬ್ಯೂಟನಾಲ್, ಸುಮಾರು 25
ಫಿನಾಲ್, 41
ನ್ಯಾಫ್ತಲೀನ್, 80

ಸೈಕ್ಲೋಹೆಕ್ಸೇನ್ ನೋಡಿ. 6.5 ಡಿಗ್ರಿ. ನಮ್ಮ ಲೈನಿನ ಹೆಸರು ಪ್ಲಸ್ ಫೈವ್. ಒಂದೂವರೆ ಡಿಗ್ರಿಯಲ್ಲಿ ಬಲೆ ಇದೆ. ಹೆಕ್ಸೇನ್‌ಗೆ ಪ್ಲಸ್ ಫೈವ್ ಕೊಟ್ಟು ಅಭ್ಯಾಸ ಆದವರು ಸೈಕ್ಲೋಹೆಕ್ಸೇನ್‌ಗೂ ಅದನ್ನೇ ಕೊಡುತ್ತಾರೆ. ಎರಡರ ಕುದಿಬಿಂದು ಹತ್ತಿರ, ಹೆಸರೂ ಹತ್ತಿರ. ಹೆಪ್ಪುಗಟ್ಟುವುದರಲ್ಲಿ ನೂರು ಡಿಗ್ರಿ ವ್ಯತ್ಯಾಸ.

ನಾನು ಇಟ್ಟುಕೊಳ್ಳುವ ಅಂತರ ಇಷ್ಟು: ಹೊರಗೆ ಬರುವ ನೀರು ಕುದಿಬಿಂದುವಿಗಿಂತ ಕನಿಷ್ಠ 10 ಡಿಗ್ರಿ ಕೆಳಗೆ ಇರಬೇಕು. ಒಳಗೆ ಹೋಗುವ ನೀರು, ವರ್ಷದ ಅತ್ಯಂತ ತಣ್ಣನೆಯ ರಾತ್ರಿಯಲ್ಲೂ, ಹೆಪ್ಪುಗಟ್ಟುವ ಬಿಂದುವಿಗಿಂತ ಕನಿಷ್ಠ 5 ಡಿಗ್ರಿ, ಸಾಧ್ಯವಾದರೆ 10 ಡಿಗ್ರಿ, ಮೇಲೆ ಇರಬೇಕು. ಇವೆರಡರ ಮಧ್ಯೆ ಸಿಗುವ ಜಾಗದಲ್ಲಿ ಅತ್ಯಂತ ಬೆಚ್ಚಗಿರುವ ನೀರನ್ನೇ ಆರಿಸಿ. ತಣ್ಣನೆಯದನ್ನಲ್ಲ. ಯಾಕೆ ಅನ್ನುವುದು ಒಂದೊಂದನ್ನೇ ನೋಡಿದಾಗ ಗೊತ್ತಾಗುತ್ತದೆ.

ಟವರ್ ನೀರು

ಆದಷ್ಟೂ ಇದರಿಂದಲೇ ಶುರು ಮಾಡಿ. ಅಗ್ಗ, ಸರಳ. ಬರೀ ಪಂಪು ಮತ್ತು ಫ್ಯಾನಿನ ಕರೆಂಟು. ಟೊಲುಯೀನ್, ಎಥನಾಲ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಈಥೈಲ್ ಅಸಿಟೇಟ್, ಮೆಥನಾಲ್, ಎಲ್ಲಕ್ಕೂ ಮುಖ್ಯ ಕಂಡೆನ್ಸರ್‌ಗೆ ಇದು ಸಾಕು. ಅಸಿಟೋನ್‌ಗೂ ಸಾಕು, ಕಂಡೆನ್ಸರ್ ಚಿಕ್ಕದಾಗಿರದಿದ್ದರೆ.

ಟವರ್ ನೀರು ಎಷ್ಟು ತಣ್ಣಗಾಗುತ್ತದೆ ಅನ್ನುವುದು ಬಿಸಿಲಿನ ಮೇಲೆ ಅಲ್ಲ, ಗಾಳಿಯ ತೇವದ ಮೇಲೆ ನಿಂತಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆಗಿಂತ ಮೂರರಿಂದ ಐದು ಡಿಗ್ರಿ ಮೇಲೆ ಟವರ್ ನೀರು ಸಿಗುತ್ತದೆ. ರಾಯಚೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ, ತೇವ ಶೇಕಡಾ 20 ಅಂದುಕೊಳ್ಳಿ. ಒದ್ದೆ ಬಟ್ಟೆಯ ಲೆಕ್ಕ ಸುಮಾರು 24. ಮಂಗಳೂರಿನಲ್ಲಿ 32 ಡಿಗ್ರಿ, ತೇವ ಶೇಕಡಾ 75. ಅಲ್ಲಿ ಸುಮಾರು 28. ಅಂದರೆ ಸುಡುವ ರಾಯಚೂರಿನ ಟವರ್ ನೀರು ಬೈಕಂಪಾಡಿಯ ಟವರ್ ನೀರಿಗಿಂತ ತಣ್ಣಗಿರುತ್ತದೆ! ಮಣ್ಣಿನ ಹೂಜಿ ಬಯಲುಸೀಮೆಯಲ್ಲಿ ಚೆನ್ನಾಗಿ ತಣ್ಣಗಾಗಿ, ಕರಾವಳಿಯಲ್ಲಿ ಅಷ್ಟು ಆಗದಿರುವುದು ಇದೇ ಕಾರಣಕ್ಕೆ. ಹಾಗಾಗಿ ಕರಾವಳಿಯಲ್ಲಿ 32, 33 ಡಿಗ್ರಿ ಇಟ್ಟುಕೊಂಡು ಲೆಕ್ಕ ಹಾಕಿ. ಒಳನಾಡಿನಲ್ಲಿ ಬೇಸಿಗೆಗಿಂತ ಮಳೆಗಾಲದ ಮುಗ್ಗಲು ದಿನಗಳನ್ನು ಹೆಚ್ಚು ಗಮನಿಸಿ.

ಇದರ ಇನ್ನೊಂದು ಮುಖವೂ ಇದೆ. ಜನವರಿ ರಾತ್ರಿ ಬೆಂಗಳೂರಿನಲ್ಲಿ ಹೊರಗೆ 15 ಡಿಗ್ರಿ. ಲೋಡ್ ಕಡಿಮೆ ಇದ್ದರೆ ಟವರ್ ನೀರೇ 18ಕ್ಕೆ ಬಂದುಬಿಡುತ್ತದೆ. ಡಿಎಂಎಸ್‌ಒ ತೆಗೆಯುತ್ತಿದ್ದರೆ ಅದು ಹೆಪ್ಪುಗಟ್ಟುವ ಬಿಂದು. ಹನ್ನೊಂದು ತಿಂಗಳು ಚೆನ್ನಾಗಿ ಓಡಿದ ಕಾಲಮ್ ಸಂಕ್ರಾಂತಿ ಹೊತ್ತಿಗೆ ಯಾಕೆ ಕಟ್ಟಿಕೊಂಡಿತು ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಟವರ್ ಫ್ಯಾನಿಗೆ ಥರ್ಮೋಸ್ಟಾಟ್ ಹಾಕಿ. ನೀರು 25ಕ್ಕಿಂತ ಕೆಳಗೆ ಬಂದರೆ ಫ್ಯಾನ್ ನಿಲ್ಲಲಿ. ಚಿಕ್ಕ ಖರ್ಚು.

ಕಂಡೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ನೀರು ಉಳಿಸೋಣ ಅಂತ ವಾಲ್ವ್ ಅರ್ಧ ಮುಚ್ಚುವವರಿದ್ದಾರೆ. ದಯವಿಟ್ಟು ಬೇಡ. ನೀರು ನಿಧಾನವಾದರೆ ಟ್ಯೂಬಿನ ಗೋಡೆ ಬಿಸಿಯಾಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಬಿಸಿ ಗೋಡೆ ಸಿಕ್ಕಿದರೆ ಸುಣ್ಣ ಅಲ್ಲೇ ಕೂರುತ್ತದೆ. ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಕಟ್ಟುತ್ತದಲ್ಲ, ಅದೇ. ಹೊರಗೆ ಬರುವ ನೀರು 45 ಡಿಗ್ರಿ ಮೀರದಂತೆ ನೋಡಿಕೊಳ್ಳಿ. ಟೊಲುಯೀನ್‌ನಂಥ 110 ಡಿಗ್ರಿ ಆವಿಗೆ ಇದು ಇನ್ನೂ ಮುಖ್ಯ.

ಪ್ಲಸ್ ಫೈವ್

ಚಿಲ್ಡ್ ವಾಟರ್ ಬೇಕೇ ಬೇಕು ಅನ್ನುವ ಜಾಗಗಳಿವೆ. ಎಂಡಿಸಿಯ ಮುಖ್ಯ ಕಂಡೆನ್ಸರ್, ವ್ಯಾಕ್ಯೂಮ್‌ನಲ್ಲಿ ಎಥನಾಲ್, ಕಂಡೆನ್ಸರ್ ಚಿಕ್ಕದಿದ್ದರೆ ಕರಾವಳಿಯ ಬೇಸಿಗೆಯಲ್ಲಿ ಅಸಿಟೋನ್. ಇಲ್ಲಿ ಟವರ್ ಹಟ ಹಿಡಿಯುವುದು ತಪ್ಪು.

ಬೇಡದ ಕಡೆ ಕೊಟ್ಟರೆ ಏನು ನಷ್ಟ? ಮೊದಲು ದುಡ್ಡು. ಗಂಟೆಗೆ 100 ಕಿಲೋ ಅಸಿಟೋನ್ ತೆಗೆಯುವ ಕಾಲಮ್, ರಿಫ್ಲಕ್ಸ್ (ಕಾಲಮ್‌ಗೆ ವಾಪಸ್ ಬಿಡುವ ದ್ರವ) ಎರಡು ಪಾಲು ಅಂದುಕೊಳ್ಳಿ. ಕಂಡೆನ್ಸರ್‌ಗೆ ಬರುವ ಆವಿ 300 ಕಿಲೋ. ಕಿಲೋಗೆ ಸುಮಾರು 124 ಕಿಲೊಕ್ಯಾಲರಿ, ಒಟ್ಟು 37 ಸಾವಿರ. ರೆಫ್ರಿಜರೇಷನ್ ಲೆಕ್ಕದಲ್ಲಿ 12 ಟನ್. ಟವರ್ ಸುಲಭವಾಗಿ ಮಾಡುವ ಕೆಲಸಕ್ಕೆ 12 ಟನ್ ಚಿಲ್ಲರ್ ಹಗಲು ರಾತ್ರಿ ಓಡಿಸಿದ ಹಾಗೆ.

ಎರಡನೆಯದು ಯಾರೂ ನೋಡದ ನಷ್ಟ. ದ್ರವ ಅತಿಯಾಗಿ ತಣ್ಣಗಾಗಿ ರಿಫ್ಲಕ್ಸ್ ಆಗಿ ಕಾಲಮ್‌ಗೆ ವಾಪಸ್ ಬರುತ್ತದೆ. 50 ಡಿಗ್ರಿಯ ಬದಲು 10 ಡಿಗ್ರಿಯ ಅಸಿಟೋನ್ ಬಿದ್ದರೆ, ಅದನ್ನು ಮತ್ತೆ ಬಿಸಿ ಮಾಡಲು ಮೇಲಿನ ಟ್ರೇಯಲ್ಲೇ ಸ್ವಲ್ಪ ಆವಿ ದ್ರವವಾಗುತ್ತದೆ. ರಿಫ್ಲಕ್ಸ್‌ನ ಸುಮಾರು ಆರರಲ್ಲಿ ಒಂದು ಪಾಲಿನಷ್ಟು. ಮೀಟರ್ ಎರಡು ಅಂತ ತೋರಿಸುತ್ತದೆ, ಒಳಗೆ ಅದಕ್ಕಿಂತ ಜಾಸ್ತಿ ನಡೆಯುತ್ತಿರುತ್ತದೆ. ಆ ಸ್ಟೀಮಿಗೂ ನೀವೇ ದುಡ್ಡು ಕೊಡಬೇಕು.

ಮೂರನೆಯದು ಸುರಕ್ಷತೆಯದೇ ಮಾತು. ಕಂಡೆನ್ಸರ್ ತುಂಬಾ ತಣ್ಣಗಿದ್ದು, ಸ್ಟೀಮ್ ಥಟ್ಟನೆ ನಿಂತರೆ ಕಾಲಮ್ ತುಂಬಿದ್ದ ಆವಿ ಒಮ್ಮೆಲೇ ಕುಸಿಯುತ್ತದೆ. ಒಳಗೆ ವ್ಯಾಕ್ಯೂಮ್ ಹುಟ್ಟುತ್ತದೆ. ವೆಂಟ್‌ನಿಂದ ಗಾಳಿ ಒಳಗೆ ನುಗ್ಗುತ್ತದೆ. ಬಿಸಿ ಕೆಟಲ್, ಸಾಲ್ವೆಂಟ್ ಆವಿ, ಜೊತೆಗೆ ಆಮ್ಲಜನಕ. ನೈಟ್ರೋಜನ್ ಬ್ಲಾಂಕೆಟ್ ಸರಿಯಾಗಿ ಕೊಡುತ್ತಿದ್ದರೆ ಗಾಳಿಯ ಬದಲು ನೈಟ್ರೋಜನ್ ಒಳಗೆ ಹೋಗುತ್ತದೆ, ಬಚಾವ್. ಪ್ಲಸ್ ಫೈವ್‌ಗೆ ಬದಲಾಯಿಸುವ ಮುಂಚೆ ನೈಟ್ರೋಜನ್ ಲೈನ್ ಸಾಲುತ್ತದಾ ಅಂತ ನೋಡಿ.

ಬ್ರೈನ್, ಮೈನಸ್ 10, ಮೈನಸ್ 15

ಬ್ರೈನನ್ನು, ಅಂದರೆ ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದಂತೆ ಉಪ್ಪು, ಗ್ಲೈಕಾಲ್‌ನಂಥದ್ದು ಬೆರೆಸಿದ ನೀರನ್ನು, ಮುಖ್ಯ ಕಂಡೆನ್ಸರ್‌ಗೆ ಕೊಡುವುದು ನನಗೆ ಬಹಳ ಕಡಿಮೆ ಕಡೆ ಸರಿ ಅನ್ನಿಸಿದೆ. ಅದರ ಜಾಗ ವೆಂಟ್ ಕಂಡೆನ್ಸರ್. ಮುಖ್ಯ ಕಂಡೆನ್ಸರ್ ಹಿಂದೆ, ಚಿಕ್ಕದಾಗಿ, ಉಳಿದ ಆವಿ ಹಿಡಿಯುವುದಕ್ಕೆ. ಈ ಮಾತು ಸರಿಯಾಗಿ ತಲೆಗೆ ಹೋಗಬೇಕಾದರೆ ಒಂದು ಲೆಕ್ಕ ನೋಡಿ.

ಬೆಂಗಳೂರಿನ ಒತ್ತಡದಲ್ಲಿ ಅಸಿಟೋನ್ ಕಾಲಮ್ ವೆಂಟ್‌ನಿಂದ ಒಂದು ಘನ ಮೀಟರ್ (ಸೊನ್ನೆ ಡಿಗ್ರಿ, 760 ಮಿಲಿಮೀಟರ್‌ನಲ್ಲಿ ಅಳೆದ ಲೆಕ್ಕ) ನೈಟ್ರೋಜನ್ ಹೊರಗೆ ಹೋಗುತ್ತಿದೆ. ಆ ನೈಟ್ರೋಜನ್ 30 ಡಿಗ್ರಿಯಲ್ಲಿ ಹೋದರೆ ತನ್ನ ಜೊತೆ ಸುಮಾರು 1.8 ಕಿಲೋ ಅಸಿಟೋನ್ ಹೊತ್ತುಕೊಂಡು ಹೋಗುತ್ತದೆ. 5 ಡಿಗ್ರಿಯಲ್ಲಿ ಹೋದರೆ 0.4 ಕಿಲೋ. ಮೈನಸ್ 10ರಲ್ಲಿ ಹೋದರೆ 0.16 ಕಿಲೋ. ಟವರ್ ನೀರಿನಿಂದ ಪ್ಲಸ್ ಫೈವ್‌ಗೆ ಬಂದಾಗ ಉಳಿಯುವುದು ಒಂದೂವರೆ ಕಿಲೋಗೆ ಹತ್ತಿರ. ಪ್ಲಸ್ ಫೈವ್‌ನಿಂದ ಮೈನಸ್ 10ಕ್ಕೆ ಹೋದಾಗ ಉಳಿಯುವುದು ಕಾಲು ಕಿಲೋ. ಎಂಡಿಸಿಯಲ್ಲಿ ಕಥೆ ಬೇರೆ. 5 ಡಿಗ್ರಿಯಲ್ಲೂ 1.4 ಕಿಲೋ ಹೋಗುತ್ತದೆ, ಮೈನಸ್ 15ಕ್ಕೆ ಇಳಿಸಿದರೆ 0.4 ಕಿಲೋ. ಎಂಡಿಸಿ ವೆಂಟ್‌ಗೆ ಬ್ರೈನ್ ಬೇಕೇ ಬೇಕು ಅನ್ನುವುದು ಇದಕ್ಕೆ.

ಅಸಿಟೋನ್ ಆವಿ ಗಾಳಿಗಿಂತ ಎರಡು ಪಟ್ಟು ಭಾರ. ವೆಂಟ್‌ನಿಂದ ಬಂದದ್ದು ಮೇಲೆ ಹೋಗಿ ಮಾಯವಾಗುವುದಿಲ್ಲ, ಇಳಿದು ಚರಂಡಿ, ಪಂಪ್ ಪಿಟ್ ಸೇರುತ್ತದೆ. ಅದರ ಫ್ಲ್ಯಾಷ್ ಪಾಯಿಂಟ್, ಅಂದರೆ ಬೆಂಕಿ ಹತ್ತುವಷ್ಟು ಆವಿ ಬಿಡುವ ಕನಿಷ್ಠ ಉಷ್ಣತೆ, ಮೈನಸ್ 18ರ ಹತ್ತಿರ. ಕಿಡಿ ಸಿಕ್ಕರೆ ಸಾಕು. ಹಾಗಾಗಿ ಉಳಿದ ಕಿಲೋಗಳನ್ನು ಬರೀ ರಿಕವರಿ ಶೇಕಡಾವಾರು ಅಂತ ನೋಡಬೇಡಿ.

ಇಷ್ಟಾದರೂ ಬ್ರೈನ್ ಜೊತೆ ಹುಷಾರು. ಟೊಲುಯೀನ್ ಮೈನಸ್ 95ರವರೆಗೂ ಹರಿಯುತ್ತದೆ, ಬ್ರೈನ್ ಕೊಟ್ಟರೆ ಏನಾಗುತ್ತೆ ಅಂತ ಕೇಳುತ್ತಾರೆ. ಟೊಲುಯೀನ್‌ಗೆ ಏನೂ ಆಗುವುದಿಲ್ಲ. ಅದರ ಜೊತೆ ಬರುವ ನೀರಿಗೆ ಆಗುತ್ತದೆ. ಟೊಲುಯೀನ್‌ನಿಂದ ನೀರು ತೆಗೆಯುವಾಗ ಎರಡೂ ಒಟ್ಟಿಗೆ ಆವಿಯಾಗುತ್ತವೆ, ತಣ್ಣಗಾದಾಗ ಬೇರೆ ಬೇರೆ ಪದರ. ಮೆಥನಾಲ್ ಆಗಿದ್ದರೆ ನೀರನ್ನು ತನ್ನಲ್ಲಿ ಕರಗಿಸಿಕೊಂಡು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಿತ್ತು. ಟೊಲುಯೀನ್ ಹಾಗೆ ಮಾಡುವುದಿಲ್ಲ. ನೀರು ಸೊನ್ನೆ ಡಿಗ್ರಿಗೆ ಟ್ಯೂಬಿನ ಗೋಡೆ ಮೇಲೆ ಐಸ್ ಆಗಿ ಕೂರುತ್ತದೆ. ಪದರ ಪದರವಾಗಿ ಬೆಳೆದು ವೆಂಟ್ ಮುಚ್ಚುತ್ತದೆ. ಎಂಡಿಸಿಯಲ್ಲೂ ತೇವ ಇದ್ದರೆ ಇದೇ. ಪಟ್ಟಿಯಲ್ಲಿ ಸಾಲ್ವೆಂಟ್ ಮಾತ್ರ ನೋಡಿದರೆ ಸಾಲದು, ಆವಿಯಲ್ಲಿ ಇರುವ ಪ್ರತಿಯೊಂದನ್ನೂ ನೋಡಬೇಕು ಅನ್ನುವುದು ಇದಕ್ಕೇ. ನೀರು ಇರುವ ಕಡೆ ವೆಂಟ್‌ಗೆ ಪ್ಲಸ್ ಫೈವ್ ಸಾಕು. ಬ್ರೈನ್ ಬೇಕೇ ಆದರೆ ಎರಡು ವೆಂಟ್ ಕಂಡೆನ್ಸರ್ ಇಟ್ಟು, ಒಂದು ಕರಗುವಾಗ ಇನ್ನೊಂದು ಓಡಲಿ. ಜೊತೆಗೆ ಕಂಡೆನ್ಸರ್ ಮುಂದೆ ಒಂದು ಪ್ರೆಷರ್ ಗೇಜ್, ಪ್ರೆಷರ್ ಮೀರಿದರೆ ಒಡೆಯುವ ರಪ್ಚರ್ ಡಿಸ್ಕ್ ಅಥವಾ ತೆರೆದುಕೊಳ್ಳುವ ರಿಲೀಫ್ ವಾಲ್ವ್. ಆಚೆ ಕಡೆ ಇದ್ದರೆ ಪ್ರಯೋಜನ ಇಲ್ಲ.

ಬ್ರೈನ್ ಅಂತ ಯಾವುದನ್ನು ಕರೆಯುತ್ತಿದ್ದೀರಿ ಅನ್ನುವುದನ್ನೂ ಕೇಳಿ. ಎಥಿಲೀನ್ ಗ್ಲೈಕಾಲ್ ಶೇಕಡಾ 30 ಇದ್ದರೆ ಮೈನಸ್ 15ರ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಅಂದರೆ ಮೈನಸ್ 15ರಲ್ಲಿ ಓಡಿಸಲು ಅದು ಸಾಲದು, 40ರ ಹತ್ತಿರ ಬೇಕು. ಪ್ರೊಪಿಲೀನ್ ಗ್ಲೈಕಾಲ್ ವಿಷವಲ್ಲ, ಆದರೆ ಚಳಿಯಲ್ಲಿ ಜೋನಿ ಬೆಲ್ಲದಂತೆ ಮಂದವಾಗುತ್ತದೆ, ಪಂಪು ಒದ್ದಾಡುತ್ತದೆ. ಮೆಥನಾಲ್ ಬ್ರೈನ್ ತಾನೇ ಉರಿಯುವ ವಸ್ತು. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗ, ಆದರೆ ಕ್ಲೋರೈಡ್, 60 ಡಿಗ್ರಿ ಮೀರಿದ ಸ್ಟೇನ್‌ಲೆಸ್ ಸ್ಟೀಲ್, ಬಿಗಿತ ಉಳಿದ ವೆಲ್ಡಿಂಗ್ ಜಾಗ, ಈ ಮೂರು ಸೇರಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಿಸಿ ಆವಿ ಬರುವ ಕಂಡೆನ್ಸರ್‌ಗೆ ಅದು ಬೇಡವೇ ಬೇಡ.

ಒಂದೇ ಕಂಡೆನ್ಸರ್‌ಗೆ ಟವರ್, ಪ್ಲಸ್ ಫೈವ್, ಬ್ರೈನ್ ಮೂರೂ ಲೈನ್ ಜೋಡಿಸಿ ವಾಲ್ವ್ ತಿರುಗಿಸಿ ಬದಲಾಯಿಸುವ ಪದ್ಧತಿ ನಮ್ಮಲ್ಲಿ ಬಹಳ. ಪ್ರತಿ ಸಲ ಬದಲಾಯಿಸಿದಾಗಲೂ ಕಂಡೆನ್ಸರ್‌ನಲ್ಲಿ ಉಳಿದ ನೀರು ಬ್ರೈನ್‌ಗೆ ಸೇರುತ್ತದೆ. ಹತ್ತು ಲೀಟರ್, ಇಪ್ಪತ್ತು ಲೀಟರ್. ವರ್ಷದಲ್ಲಿ ಗ್ಲೈಕಾಲ್ ತೆಳುವಾಗುತ್ತದೆ, ಒಂದು ದಿನ ಚಿಲ್ಲರ್ ಒಳಗೇ ಹೆಪ್ಪುಗಟ್ಟಿ ಟ್ಯೂಬ್ ಒಡೆಯುತ್ತದೆ. ಬದಲಾಯಿಸುವ ಮುಂಚೆ ಗಾಳಿ ಊದಿ ಖಾಲಿ ಮಾಡಿ. ತಿಂಗಳಿಗೊಮ್ಮೆ ಗ್ಲೈಕಾಲ್ ಸಾಂದ್ರತೆ ನೋಡಿ. ಒಂದು ಹನಿ, ಒಂದು ರಿಫ್ರಾಕ್ಟೋಮೀಟರ್, ಎರಡು ನಿಮಿಷ.

ಬಿಸಿ ನೀರಿನಿಂದ ತಂಪು ಮಾಡುವುದು

ಕೇಳಲು ವಿಚಿತ್ರ, ಆದರೆ ಪಟ್ಟಿಯ ಕೆಳಗಿನ ಸಾಲುಗಳಿಗೆ ಇದೊಂದೇ ದಾರಿ. ಟರ್ಷಿಯರಿ ಬ್ಯೂಟನಾಲ್ 82 ಡಿಗ್ರಿಗೆ ಕುದಿಯುತ್ತದೆ, 25ಕ್ಕೆ ಗಟ್ಟಿಯಾಗುತ್ತದೆ. ಅಂದರೆ ನಮ್ಮ ಕೊಬ್ಬರಿ ಎಣ್ಣೆಯೇ. ಇದಕ್ಕೆ 35ರಿಂದ 40 ಡಿಗ್ರಿ ನೀರು ಸುತ್ತಿಸಬೇಕು. ಒಂದು ಟ್ಯಾಂಕ್, ಒಂದು ಪಂಪ್, ಸ್ವಲ್ಪ ಸ್ಟೀಮ್, ಬಿಸಿಯಾದದ್ದನ್ನು ತಣ್ಣಗೆ ಮಾಡಲು ಟವರ್ ನೀರಿನ ಒಂದು ಪ್ಲೇಟ್ ಎಕ್ಸ್‌ಚೇಂಜರ್. ಬ್ಯಾಚ್ ಶುರುವಾಗುವ ಮುಂಚೆಯೇ ನೀರು ಬಿಸಿಯಾಗಿರಬೇಕು, ಇಲ್ಲದಿದ್ದರೆ ಮೊದಲ ಆವಿಯೇ ಕಟ್ಟಿಕೊಳ್ಳುತ್ತದೆ. ಫಿನಾಲ್‌ಗೆ 50 ಡಿಗ್ರಿ ಮೇಲೆ, ನ್ಯಾಫ್ತಲೀನ್‌ಗೆ 90ರ ಸುಮಾರು. ರಿಸೀವರ್‌ಗೆ ಹೋಗುವ ಪೈಪಿಗೂ ಅದನ್ನು ಬೆಚ್ಚಗಿಡುವ ಟ್ರೇಸಿಂಗ್ ಬೇಕು. ಕಂಡೆನ್ಸರ್ ಉಳಿಸಿ ಪೈಪು ಕಟ್ಟಿಸಿಕೊಂಡವರನ್ನು ನೋಡಿದ್ದೇನೆ.

ಕಾಲೇಜು ಲ್ಯಾಬಿನವರಿಗೆ ಎರಡು ಮಾತು. ರೋಟರಿ ಇವಾಪೊರೇಟರ್‌ಗೆ ಸರಳ ಲೆಕ್ಕ ಇದೆ: ಆವಿಯ ಉಷ್ಣತೆಗಿಂತ ಬಿಸಿನೀರಿನ ಬಾತ್ 20 ಡಿಗ್ರಿ ಮೇಲೆ, ತಣ್ಣೀರು 20 ಡಿಗ್ರಿ ಕೆಳಗೆ. ಬಾತ್ 60, ಆವಿ 40, ನೀರು 20. ನಲ್ಲಿ ನೀರು 27 ಇದ್ದರೆ ವ್ಯಾಕ್ಯೂಮ್ ಸ್ವಲ್ಪ ಕಡಿಮೆ ಮಾಡಿ, ಆವಿಯ ಉಷ್ಣತೆ ಏರುತ್ತದೆ. ನಲ್ಲಿ ನೀರನ್ನು ದಿನವಿಡೀ ಸಿಂಕಿಗೆ ಬಿಡುವ ಬದಲು ಒಂದು ಬಕೆಟ್, ಚಿಕ್ಕ ಪಂಪು, ಐಸ್ ಇಟ್ಟುಕೊಳ್ಳಿ. ಇನ್ನು ಪಂಪಿಗೆ ಆವಿ ಹೋಗದಂತೆ ಹಿಡಿಯುವ ಕೋಲ್ಡ್ ಟ್ರ್ಯಾಪ್‌ಗೆ ದ್ರವ ಸಾರಜನಕ. ಅದು ಮೈನಸ್ 196, ಆಮ್ಲಜನಕ ಮೈನಸ್ 183ಕ್ಕೇ ದ್ರವವಾಗುತ್ತದೆ. ಎಲ್ಲೋ ಒಂದು ಜಾಯಿಂಟ್ ಲೀಕ್ ಇದ್ದು ಗಾಳಿ ಒಳಗೆ ಬರುತ್ತಿದ್ದರೆ ಟ್ರ್ಯಾಪ್‌ನಲ್ಲಿ ತಿಳಿ ನೀಲಿ ದ್ರವ ಕೂಡಿಕೊಳ್ಳುತ್ತದೆ. ಸಾಲ್ವೆಂಟ್ ಜೊತೆ ಅದು ಸ್ಫೋಟಕ. ಡ್ರೈ ಐಸ್ ಮೈನಸ್ 78, ನಿಮ್ಮ ಕೆಲಸಕ್ಕೆ ಬಹುಪಾಲು ಅದೇ ಸಾಕು.

ಕರೆಂಟ್ ಹೋದಾಗ

ಇದನ್ನು ನಾನು ಉಷ್ಣತೆಗಿಂತ ಮೇಲೆ ಇಡುತ್ತೇನೆ. ಐದು ಡಿಗ್ರಿ ಹೆಚ್ಚು ಕಡಿಮೆ ಇದ್ದರೆ ಸ್ವಲ್ಪ ಸಾಲ್ವೆಂಟ್ ಹೋಗುತ್ತದೆ. ನೀರೇ ನಿಂತರೆ ಪೂರ್ತಿ ಆವಿ ವೆಂಟ್‌ನಿಂದ ಬರುತ್ತದೆ. ಕರೆಂಟ್ ಹೋದ ಕ್ಷಣ ಪಂಪು ನಿಲ್ಲುತ್ತದೆ, ಆದರೆ ಬಾಯ್ಲರ್ ಒಳಗೆ ಸ್ಟೀಮ್ ಇದ್ದೇ ಇರುತ್ತದೆ, ಕಾಲಮ್ ಬುಡದಲ್ಲಿ ಕುದಿಸುವ ರೀಬಾಯ್ಲರ್‌ಗೆ ಬರುತ್ತಲೇ ಇರುತ್ತದೆ.

ಆರಿಸುವಾಗ ಕೇಳಿ: ಯಾವ ಲೈನ್ ಡಿಜಿಯಲ್ಲಿದೆ (ಡೀಸೆಲ್ ಜನರೇಟರ್)? ಸಾಮಾನ್ಯವಾಗಿ ಟವರ್ ಪಂಪ್ ಡಿಜಿಯಲ್ಲಿ ಇರುತ್ತದೆ, ಚಿಲ್ಲರ್ ಕಂಪ್ರೆಸರ್ ದೊಡ್ಡ ಲೋಡ್ ಅಂತ ಬಿಟ್ಟಿರುತ್ತಾರೆ. ಇದ್ದರೂ ಚಿಲ್ಲರ್ ಮತ್ತೆ ಓಡಲು ಹಲವು ನಿಮಿಷ ಬೇಕು, ಟವರ್ ಪಂಪು ತಕ್ಷಣ ಓಡುತ್ತದೆ. ಬೆಚ್ಚಗಿನ ನೀರನ್ನೇ ಆರಿಸಿ ಅಂತ ಹೇಳುವುದಕ್ಕೆ ಇದು ದೊಡ್ಡ ಕಾರಣ. ಮುಖ್ಯ ಕಂಡೆನ್ಸರ್ ಟವರ್ ಮೇಲೆ, ವೆಂಟ್ ಕಂಡೆನ್ಸರ್ ಚಿಲ್ಲರ್ ಮೇಲೆ ಇದ್ದರೆ ಒಂದು ಹೋದರೂ ಇನ್ನೊಂದು ಸ್ವಲ್ಪ ಹೊತ್ತು ಕಾಯುತ್ತದೆ. ಎರಡೂ ಒಂದೇ ಚಿಲ್ಲರ್ ಮೇಲೆ ಇದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಮೇಲೆ ಹೇಳಿದ ಅಸಿಟೋನ್ ಕಾಲಮ್‌ಗೆ, ನೀರು ಐದು ಡಿಗ್ರಿ ಬಿಸಿಯಾಗುವ ಲೆಕ್ಕದಲ್ಲಿ, ಗಂಟೆಗೆ ಸುಮಾರು ಏಳೂವರೆ ಸಾವಿರ ಲೀಟರ್ ಬೇಕು. ಕಾಲು ಗಂಟೆಗೆ ಎರಡು ಸಾವಿರಕ್ಕಿಂತ ಕಡಿಮೆ. ಅಂದರೆ ಮನೆ ತಾರಸಿ ಮೇಲೆ ಇಡುವಂಥ ಎರಡು ಸಾವಿರ ಲೀಟರಿನ ಒಂದು ಟ್ಯಾಂಕ್. ಅದನ್ನು ಎತ್ತರದಲ್ಲಿಟ್ಟು, ಪಂಪ್ ಪ್ರೆಷರ್ ಬಿದ್ದಾಗ ತಾನೇ ತೆರೆದುಕೊಳ್ಳುವ ವಾಲ್ವ್ ಹಾಕಿದರೆ ಕಾಲು ಗಂಟೆ ಸಿಗುತ್ತದೆ. ಜೊತೆಗೆ ಸ್ಟೀಮ್ ವಾಲ್ವ್ ಅದನ್ನು ಓಡಿಸುವ ಗಾಳಿ ಹೋದರೆ ಮುಚ್ಚುವಂಥದ್ದು, ನೀರಿನ ವಾಲ್ವ್ ಗಾಳಿ ಹೋದರೆ ತೆರೆಯುವಂಥದ್ದು. ನೀರಿನ ಫ್ಲೋ ಬಿದ್ದರೂ, ವೆಂಟ್ ಉಷ್ಣತೆ ಏರಿದರೂ, ಕಂಡೆನ್ಸರ್ ಮುಂದಿನ ಪ್ರೆಷರ್ ಏರಿದರೂ ಸ್ಟೀಮ್ ತಾನೇ ಮುಚ್ಚಬೇಕು. ಮೂರೂ ಬೇಕು. ಟ್ಯೂಬು ಹೆಪ್ಪುಗಟ್ಟಿದ ದಿನ ನೀರಿನ ಫ್ಲೋ ಸರಿಯಾಗೇ ಇರುತ್ತದೆ, ವೆಂಟ್ ತಣ್ಣಗೇ ಇರುತ್ತದೆ, ಪ್ರೆಷರ್ ಒಂದೇ ನಿಜ ಹೇಳುತ್ತದೆ.

ಹಾಗಾದರೆ ಆ ಅಸಿಟೋನ್ ಕಾಲಮ್‌ಗೆ ನನ್ನ ಆಯ್ಕೆ ಏನು? ಬೆಂಗಳೂರಿನಲ್ಲಿ ಮುಖ್ಯ ಕಂಡೆನ್ಸರ್‌ಗೆ ಟವರ್ ನೀರು, ವೆಂಟ್‌ಗೆ ಪ್ಲಸ್ ಫೈವ್. ಮಂಗಳೂರಿನಲ್ಲಾದರೆ ಮುಖ್ಯದ್ದಕ್ಕೆ ಟವರ್ ನೀರೇ, ಆದರೆ ಕಂಡೆನ್ಸರ್ ವಿಸ್ತೀರ್ಣ ಜಾಸ್ತಿ. ಎಂಡಿಸಿಗೆ ಎರಡೂ ಊರಿನಲ್ಲಿ ಮುಖ್ಯದ್ದಕ್ಕೆ ಪ್ಲಸ್ ಫೈವ್, ವೆಂಟ್‌ಗೆ ಮೈನಸ್ 15, ಒಣಗಿಸಿದ ಎಂಡಿಸಿ ಆಗಿದ್ದರೆ ಮಾತ್ರ. ಟೊಲುಯೀನ್‌ನಿಂದ ನೀರು ತೆಗೆಯುವುದಾದರೆ ಟವರ್, ವೆಂಟ್‌ಗೆ ಪ್ಲಸ್ ಫೈವ್. ಅಸೆಟಿಕ್ ಆಸಿಡ್‌ಗೆ ಟವರ್ ನೀರು, 27ಕ್ಕಿಂತ ಕೆಳಗೆ ಬರದಂತೆ. ಆ ಕಂಡೆನ್ಸರ್‌ಗೆ ಪ್ಲಸ್ ಫೈವ್ ಲೈನ್ ಬರೀ ವಾಲ್ವ್ ಮುಚ್ಚಿ ಬಿಡಬೇಡಿ. ಆ ರಾತ್ರಿ ಆದಮೇಲೆ ನಾವು ಪೈಪು ತುಂಡು ಕತ್ತರಿಸಿ ತೆಗೆದು, ಬ್ಲೈಂಡ್ ಫ್ಲಾಂಜ್, ಅಂದರೆ ತೂತಿಲ್ಲದ ಮುಚ್ಚಳ, ಹಾಕಿ ಬೋಲ್ಟ್ ಬಿಗಿದೆವು. ಪಂಪಿನ ಸೀಲ್ ಮತ್ತೆ ಹೋದರೆ ಬ್ಯಾಚ್ ನಿಲ್ಲುತ್ತದೆ, ನಿಲ್ಲಲಿ ಅಂತ.